ಕಾರ್ನ್ ಬ್ರೆಡ್ಡಿನ ಪ್ಯಾಕೆಟ್ಟನ್ನು ಹಿಂದೆ ತಿರುಗಿಸಿ ಓದು

ದಾವಣಗೆರೆ

ಚಿ. ಸೌ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ.

ನೀನು ಕಳಿಸಿದ ಪ್ಯಾಕೆಟ್ಟಿನ ಫೋಟೋ ನೋಡಿದೆ. ‘ನೀವು ಬೆಳೆಯೋ ಮೆಕ್ಕೆಜೋಳದ್ದೇ ಬ್ರೆಡ್ಡು ದೊಡ್ಡಪ್ಪ, ಮಗನ ಟಿಫನ್ನಿಗೆ ದಿನಾ ಇದನ್ನೇ ಹಾಕ್ತಿದೀನಿ, ಒಳ್ಳೇದಲ್ವಾ?’ ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಯಾವಾಗಲಾದರೂ ಒಮ್ಮೆ ತಿನ್ನಲಿ, ನಾನೇನೂ ಬೇಡ ಅನ್ನುವುದಿಲ್ಲ. ದಿನಾ ಊಟದ ಬದಲು ಅದನ್ನು ಕೊಡಬೇಡ.

ಮುಂದುಗಡೆ ತೆನೆಯ ಚಿತ್ರ ಚೆನ್ನಾಗಿದೆ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಪದಾರ್ಥಗಳ ಪಟ್ಟಿ ಇದೆಯಲ್ಲ, ಅದನ್ನು ಓದಿದೆಯಾ? ಯಾವುದು ಜಾಸ್ತಿ ತೂಕವೋ ಅದನ್ನು ಮೊದಲು ಬರೆಯಬೇಕು ಅಂತ ಕಾನೂನೇ ಇದೆ. ನಿನ್ನ ಪ್ಯಾಕೆಟ್ಟಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ. ಮೆಕ್ಕೆಜೋಳದ ಹಿಟ್ಟು ಬರುವುದು ನಾಲ್ಕನೇ ಜಾಗದಲ್ಲಿ. ಅದರ ಹಿಂದೆಯೇ ಮೆಕ್ಕೆಜೋಳದ ಸ್ಟಾರ್ಚ್. ಈ ಸ್ಟಾರ್ಚನ್ನು ಜೋಳದ ಲೆಕ್ಕಕ್ಕೆ ಸೇರಿಸಬೇಡ. ಗೋಬಿ ಮಂಚೂರಿಗೆ ಹಾಕುವ ಬಿಳಿ ಪುಡಿಯೇ ಅದು. ಪ್ರೋಟೀನು, ನಾರು ಎಲ್ಲ ತೆಗೆದ ಮೇಲೆ ಉಳಿಯುವ ಬರೀ ಪಿಷ್ಟ.

ಮೈದಾ ಸೇರಿಸುವುದಕ್ಕೆ ಕಾರಣವೂ ಇದೆ. ಮೆಕ್ಕೆಜೋಳದಲ್ಲಿ ಗೋಧಿಯ ಹಾಗೆ ಅಂಟು ಇರುವುದಿಲ್ಲ. ಬರೀ ಅದರ ಹಿಟ್ಟಿನಲ್ಲಿ ಬ್ರೆಡ್ಡು ಮಾಡಿದರೆ ಮೆತ್ತಗೆ ಉಬ್ಬುವುದಿಲ್ಲ, ಸ್ಲೈಸು ಪುಡಿಯಾಗುತ್ತದೆ. ಗೋಧಿ ಆಗದವರು ‘ಕಾರ್ನ್’ ಅನ್ನೋ ಹೆಸರು ನಂಬಿ ಇದನ್ನು ತಿಂದರೆ ಕಷ್ಟ.

ಇನ್ನು ಅಂಕಿಗಳಿಗೆ ಬರೋಣ. ನಿನ್ನ ಫೋಟೋದಲ್ಲಿ 100 ಗ್ರಾಂಗೆ ಸಕ್ಕರೆ 15 ಗ್ರಾಂ, ಸೋಡಿಯಂ 600 ಮಿಲಿಗ್ರಾಂ ಅಂತಿದೆ. ಡಬ್ಬಿಗೆ ನೀನು ಹಾಕುವ ಎರಡು ಸ್ಲೈಸು ಸೇರಿ 80 ಗ್ರಾಂ ಅಂತ ಇಟ್ಟುಕೋ. ಸಕ್ಕರೆ 12 ಗ್ರಾಂ ಆಯಿತು, ಅಂದರೆ ಹೆಚ್ಚುಕಡಿಮೆ ಮೂರು ಟೀ ಚಮಚ. ಸೋಡಿಯಂ 480 ಮಿಲಿಗ್ರಾಂ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ: 1.2 ಗ್ರಾಂ. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಮಕ್ಕಳಿಗೆ ಅದಕ್ಕಿಂತ ಕಡಿಮೆ. ಸಿಹಿಯಾಗಿದೆಯಲ್ಲ, ಉಪ್ಪೆಲ್ಲಿ ಬಂತು ಅಂತೀಯ. ಉಬ್ಬಲಿ ಅಂತ ಹಾಕುವ ಅಡುಗೆ ಸೋಡಾದಲ್ಲೂ ಸೋಡಿಯಂ ಇರುತ್ತದೆ. ನಾಲಿಗೆಗೆ ಅದು ಗೊತ್ತಾಗುವುದಿಲ್ಲ.

ಹಾಗಂತ ಮೆಕ್ಕೆಜೋಳವನ್ನು ಬೈಯುತ್ತಿಲ್ಲ. ನಮ್ಮ ಹೊಲವನ್ನು ಉಳಿಸಿದ ಬೆಳೆ ಅದು. ಮುಂಗಾರಿನಲ್ಲಿ ನಮ್ಮ ಜಿಲ್ಲೆಯ ಯಾವ ದಿಕ್ಕಿಗೆ ಹೋದರೂ ಅದೇ ಕಾಣುತ್ತದೆ. ಆದರೆ ಬೆಳೆದದ್ದರಲ್ಲಿ ಬಹುಪಾಲು ಹೋಗುವುದು ಕೋಳಿ ಆಹಾರಕ್ಕೆ, ಸ್ಟಾರ್ಚ್ ಫ್ಯಾಕ್ಟರಿಗೆ. ನಮ್ಮ ತಟ್ಟೆಗೆ ಬರುವುದು ತೀರಾ ಕಡಿಮೆ. ಇಡೀ ಕಾಳಿನಲ್ಲಿ 100 ಗ್ರಾಂಗೆ 9 ಗ್ರಾಂ ಹತ್ತಿರ ಪ್ರೋಟೀನ್ ಇದೆ, ನಾರು ಇದೆ. ಹಳದಿ ಕಾಳಿನಲ್ಲಿ ಕಣ್ಣಿಗೆ ಒಳ್ಳೆಯದಾದ ಲ್ಯೂಟಿನ್, ಝಿಯಾಝಾಂಥಿನ್ ಎಂಬ ಹಳದಿ ಬಣ್ಣದ ಅಂಶಗಳಿವೆ. ಬ್ರೆಡ್ಡು ಹಳದಿ ಇದ್ದರೆ ಅದೆಲ್ಲ ಒಳಗಿದೆ ಅಂತ ಮಾತ್ರ ತಿಳಿಯಬೇಡ, ಬಣ್ಣ ಹಾಕಿದ್ದಾರಾ ಅಂತಲೂ ಪಟ್ಟಿಯಲ್ಲಿ ನೋಡು.

ಕೊರತೆಯೂ ಇದೆ. ಮೆಕ್ಕೆಜೋಳದ ಪ್ರೋಟೀನಿನಲ್ಲಿ ಲೈಸಿನ್, ಟ್ರಿಪ್ಟೊಫ್ಯಾನ್ ಎಂಬ ಎರಡು ಅಂಶ ಕಡಿಮೆ. ಬೆಳೆಯುವ ಮಕ್ಕಳಿಗೆ ಎರಡೂ ಬೇಕು. ನಯಾಸಿನ್ ಎಂಬ ವಿಟಮಿನ್ ಕಾಳಿನಲ್ಲಿದ್ದರೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ, ದೇಹಕ್ಕೆ ಸರಿಯಾಗಿ ದಕ್ಕುವುದಿಲ್ಲ. ಈ ಬ್ರೆಡ್ಡು ಹುಟ್ಟಿದ ಅಮೆರಿಕದಲ್ಲೇ ಇದರ ಪಾಠ ನಡೆದಿದೆ. ಕಳೆದ ಶತಮಾನದ ಶುರುವಿನಲ್ಲಿ ಅಲ್ಲಿನ ದಕ್ಷಿಣ ರಾಜ್ಯಗಳ ಬಡವರಿಗೆ ದಿನಾ ಮೆಕ್ಕೆಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ ಇಷ್ಟೇ ಊಟ. ಪೆಲಾಗ್ರ ಅನ್ನುವ ಕಾಯಿಲೆ ಹಬ್ಬಿತು. ಚರ್ಮ ಸುಟ್ಟ ಹಾಗೆ ಆಗುವುದು, ಭೇದಿ, ಕೊನೆಗೆ ಬುದ್ಧಿಭ್ರಮೆ. ಎಷ್ಟೋ ಜನ ಸತ್ತರು. ಬಹಳ ಜನ ಅಂಟುರೋಗ ಅಂದುಕೊಂಡಿದ್ದಾಗ, 1914ರಿಂದ ಇದರ ಬೆನ್ನು ಹತ್ತಿದ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ಡಾಕ್ಟರು ಇದು ಊಟದ ಕೊರತೆ ಅಂತ ತೋರಿಸಿದರು. ಹಾಲು, ಮಾಂಸ, ಕಾಳು ಕೊಟ್ಟರೆ ವಾಸಿಯಾಗುತ್ತಿತ್ತು. ಮೆಕ್ಸಿಕೋದವರು ಸಾವಿರಾರು ವರ್ಷದಿಂದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ರುಬ್ಬುತ್ತಾರೆ. ಸುಣ್ಣ ಬಿದ್ದರೆ ನಯಾಸಿನ್ ಬಿಡಿಸಿಕೊಳ್ಳುತ್ತದೆ. ಅದಕ್ಕೇ ಅವರಿಗೆ ಈ ಕಾಟ ಅಷ್ಟಾಗಿ ಬರಲಿಲ್ಲ.

ಹೆದರಬೇಡ, ನಿನ್ನ ಮಗನಿಗೆ ಪೆಲಾಗ್ರ ಬರುವುದಿಲ್ಲ. ಬೇರೆ ಊಟ ಮಾಡುತ್ತಾನಲ್ಲ. ಆದರೆ ಡಬ್ಬಿಯಲ್ಲಿ ಬ್ರೆಡ್ಡು, ಜೊತೆಗೆ ಜಾಮು ಅಷ್ಟೇ ಇದ್ದರೆ ಆ ಹೊತ್ತಿನ ಊಟ ಬಡವಾಯಿತು. ಕೊಡುವ ದಿನ ಜೊತೆಗೆ ಹೆಸರುಕಾಳಿನ ಉಸಲಿ ಇಡು, ಅಥವಾ ಒಂದು ಮೊಟ್ಟೆ, ಒಂದು ಲೋಟ ಹಾಲು. ಮೆಕ್ಕೆಜೋಳದಲ್ಲಿ ಕಡಿಮೆ ಇರುವ ಲೈಸಿನ್ ಇವುಗಳಲ್ಲಿ ಸಿಗುತ್ತದೆ. ನಿಮ್ಮ ಅಜ್ಜಿ ರೊಟ್ಟಿ ಬಡಿದ ದಿನ ಕಾಳುಪಲ್ಯ ಮಾಡದೇ ಇರುತ್ತಿರಲಿಲ್ಲ. ಮೂಳೆಗೆ ಬೇಕಾದ ಕ್ಯಾಲ್ಸಿಯಂ ಮಾತು ಬಂದರೆ ರಾಗಿಯ ಮುಂದೆ ಮೆಕ್ಕೆಜೋಳ ಲೆಕ್ಕಕ್ಕೇ ಇಲ್ಲ. ರಾಗಿಯಲ್ಲಿ 100 ಗ್ರಾಂಗೆ 350 ಮಿಲಿಗ್ರಾಂ ಹತ್ತಿರ, ಇದರಲ್ಲಿ 10ರ ಆಸುಪಾಸು. ವಾರದಲ್ಲಿ ಎರಡು ದಿನವಾದರೂ ರಾಗಿದೋಸೆ ಹಾಕಿಕೊಡು. ಬೆಣ್ಣೆ ಸವರಿದರೆ ಅವನು ಬೇಡ ಅನ್ನುವುದಿಲ್ಲ, ದಾವಣಗೆರೆ ರಕ್ತ ಅಲ್ವಾ!

ಮೆಕ್ಕೆಜೋಳವೇ ಬೇಕು ಅಂದರೆ ಮನೆಯಲ್ಲೇ ರೊಟ್ಟಿ ಮಾಡು. ಜೋಳದ ರೊಟ್ಟಿಯ ಹಾಗೇ ಕುದಿಯುವ ನೀರು ಹಾಕಿ ನಾದಬೇಕು, ಬಿಸಿ ಇರುವಾಗಲೇ ತಟ್ಟಬೇಕು. ಬಿರುಕು ಬಿಟ್ಟರೆ ಬಿಡಲಿ. ಮೆಂತ್ಯಸೊಪ್ಪು, ಈರುಳ್ಳಿ ಕಲಸಿದರೆ ರುಚಿ ಜಾಸ್ತಿ. ಅಂಗಡಿಯ ಹಿಟ್ಟಿಗಿಂತ ಗಿರಣಿಯಲ್ಲಿ ಬೀಸಿಸಿದ್ದೇ ವಾಸಿ. ಬಹಳ ದಿನ ಇಡುವ ಹಿಟ್ಟಿಗೆ ಕಾಳಿನ ಮೊಳಕೆ ಭಾಗ ತೆಗೆದುಬಿಡುತ್ತಾರೆ. ಅದರಲ್ಲಿ ಎಣ್ಣೆ ಇರುತ್ತದೆ, ಬೇಗ ಕಮಟು ವಾಸನೆ ಬರುತ್ತದೆ ಅಂತ. ಆದರೆ ಸತ್ವ ಇರುವುದೂ ಅಲ್ಲೇ. ಆದ್ದರಿಂದ ಸ್ವಲ್ಪ ಸ್ವಲ್ಪವೇ ಬೀಸಿಸು. ಬೂಸ್ಟು ಹಿಡಿದ ಕಾಳು ಕಂಡರೆ ಆರಿಸಿ ಬಿಸಾಡು. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಈ ತಿಂಗಳ ಕೊನೆಗೆ ನಿನ್ನ ತಮ್ಮ ಬೆಂಗಳೂರಿಗೆ ಬರುತ್ತಾನಂತೆ. ಚೆನ್ನಾಗಿ ಒಣಗಿದ ಕಾಳು ಬೀಸಿಸಿ ಎರಡು ಕೆಜಿ ಹಿಟ್ಟು ಕೊಟ್ಟು ಕಳಿಸುತ್ತೇನೆ. ಬಂದ ತಕ್ಷಣ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡು. ಮನೆಯಲ್ಲಿರುವ ಪ್ಯಾಕೆಟ್ಟನ್ನು ಸುಮ್ನೆ ಎಸೆಯಬೇಡ, ದುಡ್ಡು ಕೊಟ್ಟು ತಂದಿದ್ದೀಯ. ಸಂಜೆ ಟೀ ಜೊತೆ ನೀನೂ ಅಳಿಯಂದಿರೂ ತಿಂದು ಮುಗಿಸಿ. ಅಳಿಯಂದಿರಿಗೆ ಬಿ.ಪಿ. ಇದೆ ಅಂದಿದ್ದೆ, ಅವರಿಗೆ ಅರ್ಧ ಸ್ಲೈಸು ಸಾಕು.

ಇಂತಿ ನಿನ್ನ
ದೊಡ್ಡಪ್ಪ