ಜಿಯೋಗ್ರಿಡ್ ಹಾಸುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಾಳೆಯಿಂದ ಫ್ಲೈಓವರ್ ಅಪ್ರೋಚ್ (ಹತ್ತುವ ದಾರಿ) ಗೋಡೆಯ ಹಿಂದೆ ಜಿಯೋಗ್ರಿಡ್, ಅಂದರೆ ಮಣ್ಣಿನ ಪದರಗಳ ನಡುವೆ ಹಾಸಿ ಗೋಡೆಗೆ ಹಿಡಿತ ಕೊಡುವ ಪ್ಲಾಸ್ಟಿಕ್ ಬಲೆ, ಹಾಸುವ ಕೆಲಸ ಶುರು. ಸೂಪರ್‌ವೈಸರ್‌ಗಳು ಪೂರ್ತಿ ಓದಿ, ಸುಮ್ನೆ ಹೆಬ್ಬೆಟ್ಟಿನ ಚಿತ್ರ ಒತ್ತಿ ಮುಂದೆ ಹೋಗಬೇಡಿ.

ಮುಖ್ಯವಾದದ್ದು ದಿಕ್ಕು. ಗ್ರಿಡ್‌ನ ಉದ್ದ ಪಟ್ಟಿಗಳು ಗೋಡೆಯಿಂದ ಒಳಗಿನ ಮಣ್ಣಿನ ಕಡೆಗೇ ಹೋಗಬೇಕು. ಗೋಡೆಯ ಉದ್ದಕ್ಕೆ ರೋಲ್ ಬಿಚ್ಚಿದರೆ ಕೆಲಸ ಬೇಗ ಮುಗಿಯುತ್ತದೆ, ಗೋಡೆಗೆ ಮಾತ್ರ ಹಿಡಿತ ಸಿಗುವುದಿಲ್ಲ. 1960ರ ದಶಕದಲ್ಲಿ ಫ್ರಾನ್ಸ್‌ನ ಹೆನ್ರಿ ವಿದಾಲ್ ಮಣ್ಣಿನೊಳಗೆ ಲೋಹದ ಪಟ್ಟಿ ಇಟ್ಟು ಗೋಡೆ ನಿಲ್ಲಿಸುವ ವಿಧಾನ ತಂದರು. ಆಮೇಲೆ ಇಂಗ್ಲೆಂಡಿನ ಬ್ರಯಾನ್ ಮರ್ಸರ್ ತೂತು ಹೊಡೆದ ಪ್ಲಾಸ್ಟಿಕ್ ಹಾಳೆಯನ್ನು ಬಿಸಿ ಮಾಡಿ ಎಳೆದು ಗ್ರಿಡ್ ಮಾಡಿದರು. ನಮ್ಮದೂ ಅದೇ ಜಾತಿ. ಎಳೆದ ದಿಕ್ಕಿನಲ್ಲೇ ಅದರ ಬಲ ಇರುವುದು.

ಹಾಸಿದ ಮೇಲೆ ಕೈಯಲ್ಲಿ ಎಳೆದು ಸುಕ್ಕು ಬಿಡಿಸಿ, ಗೂಟ ಹೊಡೆಯಿರಿ. ಸಡಿಲ ಬಿಟ್ಟರೆ ಗೋಡೆ ಸ್ವಲ್ಪ ಮುಂದೆ ಜರುಗಿದ ಮೇಲೇ ಅದು ಬಿಗಿಯಾಗುವುದು. ಮೇಲೆ ಕನಿಷ್ಠ 150 ಮಿ.ಮೀ. ಮಣ್ಣು ಬೀಳುವ ತನಕ ಚೈನ್ ಗಾಡಿ (ಚಕ್ರದ ಬದಲು ಉಕ್ಕಿನ ಪಟ್ಟಿ ಮೇಲೆ ಓಡುವ ಯಂತ್ರ) ಹತ್ತಿಸಲೇಬೇಡಿ. ಗೋಡೆಯಿಂದ ಒಂದೂವರೆ ಮೀಟರ್ ಒಳಗೆ ದೊಡ್ಡ ರೋಲರ್ ಬೇಡ, ಮಣ್ಣು ತಟ್ಟಿ ಗಟ್ಟಿ ಮಾಡುವ ಚಿಕ್ಕ ಪ್ಲೇಟ್ ಕಾಂಪ್ಯಾಕ್ಟರ್ ಸಾಕು. ಇಲ್ಲದಿದ್ದರೆ ಗೋಡೆಯ ಪ್ಯಾನೆಲ್ ಹೊರಗೆ ಉಬ್ಬಿ ಹೊಟ್ಟೆ ಬಿಡುತ್ತದೆ, ಆಮೇಲೆ ಸರಿ ಮಾಡುವವರು ಯಾರು?

ಇನ್ನೊಂದು ಮಾತು. ಹತ್ತಿರ ಸಿಗುತ್ತದೆ ಅಂತ ಎರೆಮಣ್ಣು ತಂದು ತುಂಬಬೇಡಿ. ಅದು ನೀರು ಹಿಡಿದು ಉಬ್ಬುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ.

ಬಿಸಿಲಿಗೆ ಪ್ಲಾಸ್ಟಿಕ್ ಹಾಳಾಗುತ್ತದೆ, ರೋಲ್‌ಗಳ ಮೇಲೆ ಟಾರ್ಪಾಲು ಇರಲಿ. ಮೊದಲ ಪದರ ಹಾಸಿದ ತಕ್ಷಣ ಇಲ್ಲಿ ಫೋಟೋ ಹಾಕಿ. ನೋಡಿ ಹೇಳಿದ ಮೇಲೆ ಮಣ್ಣು ಸುರಿಯಿರಿ.