ಮೊದಲು ನಮ್ಮ ಮರಕ್ಕೇ ಕಟ್ಟು, ಕೂಸೇ

ಪ್ರೀತಿಯ ಕೂಸಿಗೆ ಅಪ್ಪಯ್ಯನ ಆಶೀರ್ವಾದಗಳು.

ನೀನು ತಿಂಡಿ ತಿನ್ನದೆ ಬಸ್ ಹತ್ತಿದ್ದಕ್ಕೆ ನಿನ್ನ ಅಮ್ಮ ಇನ್ನೂ ನನ್ನ ಹತ್ತಿರ ನೆಟ್ಟಗೆ ಮಾತನಾಡುತ್ತಿಲ್ಲ. ಜಗಲಿಯಲ್ಲಿ ಅಂದು ಯಾರು ಏನು ಅಂದರು ಎಂಬುದು ಇಬ್ಬರಿಗೂ ಗೊತ್ತಿದೆ, ಅದನ್ನು ಕೆದಕುವುದಿಲ್ಲ. ಕೆಳಮನೆ ಮಾವನ ಎದುರಿಗೆ ನನ್ನ ದನಿ ಅಷ್ಟು ಏರಬೇಕಾಗಿರಲಿಲ್ಲ. ಆಡಿದ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ.

ನೀನು ಹೋದ ಮೇಲೆ ಅಟ್ಟ ಹತ್ತಿ ನೋಡಿದೆ. ಅಡಿಕೆ ಗೊನೆಗೆ ಕಟ್ಟುವ ಪಾಲಿಥೀನ್ ಬದಲಿಗೆಂದು ಕಡಲಪಾಚಿಯ ಅಂಟಿನಿಂದ ನೀನು ಗಾಜಿನ ಮೇಲೆ ಎರೆದಿಟ್ಟಿದ್ದ ಹಾಳೆಗಳಲ್ಲಿ ಅಗರ್‌ನದು ನೀರಾರಿ, ಅಂಚು ಎದ್ದು, ಹಲಸಿನ ಹಪ್ಪಳದ ಹಾಗೆ ಸುರುಟಿಕೊಂಡಿತ್ತು. ಆಲ್ಜಿನೇಟ್‌ನದು ಚೆನ್ನಾಗಿ ಬಂದಿದೆ. ಬೆಳಕಿಗೆ ಹಿಡಿದರೆ ಆಚೆಯ ತೋಟ ಕಾಣುತ್ತದೆ, ಬೆರಳಿಗೆ ಸುತ್ತಿದರೂ ಬಿರಿಯುವುದಿಲ್ಲ. ಸೊಸೈಟಿಗೆ ಹೋದಾಗ ಒಂದು ತುಂಡು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ, ನಾಲ್ಕು ಜನರಿಗೆ ತೋರಿಸಿದೆ. ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಬರೆದುಬಿಟ್ಟೆ.

ಇನ್ನೊಂದು ತುಂಡನ್ನು ರಾತ್ರಿಯಿಡೀ ಬಕೆಟ್ಟಿನ ನೀರಿನಲ್ಲಿ ಹಾಕಿಟ್ಟೆ. ಕರಗಲಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ನೀರಿನಲ್ಲಿ ಅದ್ದಿದ ಮೇಲೆ ಕರಗುವುದಿಲ್ಲ ಎಂದು ನೀನು ಹೇಳಿದ್ದು ಸರಿಯೇ. ಆದರೆ ಉಬ್ಬಿ ಲೋಳೆಯಾಗಿತ್ತು. ಅದನ್ನೇ ಒಣಗಿಸಿ ಬಗ್ಗಿಸಿದರೆ ಚಟಕ್ಕನೆ ಮುರಿಯಿತು. ಮೆತ್ತಗಿರಲಿ ಎಂದು ನೀನು ಸೇರಿಸಿದ ಗ್ಲಿಸರಿನ್ ನೀರಿನ ಜೊತೆ ಹೊರಟುಹೋಗಿರಬೇಕು. ಒಂದು ರಾತ್ರಿಯ ಬಕೆಟ್ಟಿಗೇ ಹೀಗಾದರೆ ಪುನರ್ವಸು, ಪುಷ್ಯ ಮಳೆಗೆ ಏನು ಗತಿ? ಮಳೆ ಬೇಡ, ಆಷಾಢದ ಥಂಡಿ ಗಾಳಿಯೇ ಸಾಕು. ಗ್ಲಿಸರಿನ್ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಹೋದ ಮಳೆಗಾಲದಲ್ಲಿ ಅಟ್ಟದಲ್ಲಿದ್ದ ನಿನ್ನ ಹಾಳೆಗಳೆಲ್ಲ ಒಂದಕ್ಕೊಂದು ಅಂಟಿ ಬೂಷ್ಟು ಹಿಡಿದದ್ದನ್ನು ನೀನೇ ನೋಡಿದ್ದೀಯ.

ಇಂಥದ್ದನ್ನು ಈ ವರ್ಷವೇ ಕೆಳಮನೆ ಮಾವನ ತೋಟಕ್ಕೆಲ್ಲ ಕೊಟ್ಟೆ ಕಟ್ಟಲು, ಅಂದರೆ ಮಳೆ ತಾಗದ ಹಾಗೆ ಗೊನೆಗೆ ಹೊದಿಸಲು, ಕೊಡುತ್ತೇನೆ ಎಂದೆಯಲ್ಲ, ನನಗೆ ನಿದ್ದೆ ಬಾರದಿರುವುದು ಅದಕ್ಕೆ.

ಅವನು ಯಾರ ಮಾತನ್ನಾದರೂ ನಂಬುತ್ತಾನೆ. ನೀನು ತೊಟ್ಟಿಲಲ್ಲಿದ್ದ ವರ್ಷ ಯಾರೋ ಹೇಳಿದರೆಂದು ತಾಮ್ರದ ಮೈಲುತುತ್ತಕ್ಕೆ ಸುಣ್ಣ ಬೆರೆಸಿದ ಬೋರ್ಡೋ ಬಿಟ್ಟು ಎಂಥದೋ ಹೊಸ ಔಷಧಿ ಹೊಡೆಸಿದ. ಮಳೆ ಬಿಡಲೇ ಇಲ್ಲ. ಕಾಯಿಗೆ ಕೊಳೆರೋಗ ಬಂತು. ಬೇಲಿಯಾಚೆ ಅವನ ತೋಟದಲ್ಲಿ ಕಾಯಿ ಉದುರುವ ಸದ್ದು ರಾತ್ರಿ ನಮ್ಮ ಜಗಲಿಗೆ ಕೇಳುತ್ತಿತ್ತು. ಒಂದು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು, ಆಮೇಲೆ ಗೊನೆಗೊನೆಯೇ ಸುರಿದಂತೆ. ಬೆಳಗ್ಗೆ ಹೋದರೆ ಹಸಿರು ಕಾಯಿಗಳು ತೊಟ್ಟಿನ ಬಳಿ ನೀರು ಕುಡಿದ ಹಾಗೆ ಕಪ್ಪಾಗಿ, ಮೇಲೆ ಬಿಳಿ ಬೂಷ್ಟು. ಅತ್ತೆ ಬುಟ್ಟಿ ಹಿಡಿದು ಹೆಕ್ಕುತ್ತಿದ್ದಳು. ಹೆಕ್ಕಿ ಏನು ಮಾಡುವುದು, ಅದಕ್ಕೆ ರೇಟು ಇಲ್ಲ. ಅವನು ಮಾತ್ರ ಮರದ ಬುಡದಲ್ಲಿ ನಿಂತು ಮೇಲಕ್ಕೇ ನೋಡುತ್ತಿದ್ದ. ರಾತ್ರಿಯಾದರೆ ಮತ್ತೆ ಅದೇ ಸದ್ದು. ನಾನು ಕಿವಿಗೆ ಕಂಬಳಿ ಮುಚ್ಚಿಕೊಂಡು ಮಲಗುತ್ತಿದ್ದೆ. ಇದನ್ನು ನೂರು ಸಲ ಹೇಳಿದ್ದೇನೆ ಎನ್ನುತ್ತೀಯ. ಇರಲಿ. ಆ ಸಾಲ ತೀರಿಸಲು ಅವನು ಗದ್ದೆ ಮಾರಿದ. ಔಷಧಿ ಹೇಳಿದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆ ಜಾಗದಲ್ಲಿ ನನ್ನ ಮಗಳು ನಿಲ್ಲಬಾರದು.

ಹಾಳೆ ಹರಿದರೆ ಬದಲಾಯಿಸುತ್ತೇನೆ ಎಂದೆ. ಹೇಗೆ? ಮಳೆ ಹಿಡಿದ ಮೇಲೆ ಮರವೆಲ್ಲ ಪಾಚಿ ಕಟ್ಟಿ ಜಾರುತ್ತದೆ. ಒಂದು ಸಲ ಹತ್ತಿಸುವುದಕ್ಕೇ ಕೊನೆಗಾರನ ಮನೆಬಾಗಿಲು ಕಾಯಬೇಕು, ಎರಡನೆಯ ಸಲ ಯಾವನು ಹತ್ತುತ್ತಾನೆ? ಪಾಲಿಥೀನ್ ಒಳ್ಳೆಯದೆಂದು ನಾನು ವಾದಿಸುತ್ತಿಲ್ಲ. ಅದರ ಚಿಂದಿ ಬಸಿಗಾಲುವೆಯಲ್ಲಿ ಸಿಕ್ಕಿ ನೀರು ಕಟ್ಟಿದಾಗ ಗುದ್ದಲಿ ಹಿಡಿಯುವವನು ನಾನೇ. ಆದರೆ ಗೊನೆ ಒಣಗಿದ್ದರೆ ಕೊಳೆ ಹತ್ತುವುದಿಲ್ಲ, ಕೊಟ್ಟೆಗೆ ಇರುವ ಕೆಲಸ ಅದೊಂದೇ. ನೀರು ಕುಡಿದು ಗೊನೆಗೆ ಅಂಟಿಕೊಂಡು ಕೂರುವ ಹಾಳೆಯಿಂದ ಕೊಳೆಗೆ ಅನುಕೂಲವೇ ಹೊರತು ಗೊನೆಗಲ್ಲ.

ಕೊಟ್ಟಿಗೆಯ ಡಬ್ಬಿಯಲ್ಲಿದ್ದ ಮೈಲುತುತ್ತ ಕಡಿಮೆಯಾಗಿದೆ, ನೋಡಿದೆ. ಕ್ಯಾಲ್ಸಿಯಂ ಬದಲು ತಾಮ್ರ, ಅಲ್ಲವೇ? ತಾಮ್ರ ಆಲ್ಜಿನೇಟನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತದೆ ಎಂದು ಊಟದ ಹೊತ್ತಿಗೆ ನೀನು ಹೇಳಿದಾಗ ನಾನು ಕೇಳಿಸಿಕೊಳ್ಳಲಿಲ್ಲ ಎಂದುಕೊಂಡಿರಬೇಕು. ಕೊಳೆಗೆ ಆಗದಿರುವುದೂ ತಾಮ್ರವೇ. ಮೈಸೂರು ಸಂಸ್ಥಾನದ ಕೋಲ್ಮನ್ ಸಾಹೇಬರು 1910ರಲ್ಲಿ ಕೊಳೆರೋಗದ ಮೇಲೆ ಪುಸ್ತಕವನ್ನೇ ಬರೆದವರು. ಅವರು ಹೇಳಿದ ಬೋರ್ಡೋವನ್ನೇ ನಾವು ಇಂದಿಗೂ ಹೊಡೆಯುತ್ತಿದ್ದೇವೆ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹಾಗಾಗಿ ನಿನ್ನ ತಲೆ ಓಡಿದ ದಿಕ್ಕು ನನಗೆ ಬಹಳ ಹಿಡಿಸಿತು. ಆದರೆ ಮೈಲುತುತ್ತವನ್ನು ಕಬ್ಬಿಣದ ಪಾತ್ರೆಗೆ ಹಾಕಬೇಡ, ತಾಮ್ರವೆಲ್ಲ ಪಾತ್ರೆಗೇ ಹತ್ತುತ್ತದೆ. ಅಡುಗೆ ಪಾತ್ರೆಯನ್ನಂತೂ ಮುಟ್ಟಲೇಬೇಡ. ಕೈಗವಸು ಹಾಕಿಕೋ. ಹಾಳೆಯ ಮೇಲೆ ತೆಳ್ಳಗೆ ಜೇನುಮೇಣ ಸವರಿದರೆ ನೀರು ಜಾರೀತೇನೋ, ನೋಡು. ಬೇಕಾದರೆ ನಮ್ಮ ಪೆಟ್ಟಿಗೆಯದೇ ಕಳಿಸುತ್ತೇನೆ.

ತಮಿಳುನಾಡಿನ ಮಂಡಪಂನಲ್ಲಿ ಕಡಲಪಾಚಿ ಕೀಳುವ ಹೆಂಗಸರ ಜೊತೆ ನೀನೂ ಕಡಲಿಗೆ ಇಳಿಯುತ್ತೀಯಂತೆ. ಅವರು ಹುಟ್ಟಿನಿಂದ ಆ ನೀರು ಬಲ್ಲವರು. ನೀನು ಈಜು ಕಲಿತದ್ದು ನಮ್ಮ ಹೊಳೆಯ ಗುಂಡಿಯಲ್ಲಿ. ಸೊಂಟದ ಮೇಲಿನ ನೀರಿಗೆ ಹೋಗಬೇಡ. ಇದು ಅಮ್ಮನ ಮಾತು, ನನ್ನದೂ ಹೌದು.

ಮೇಲಿನ ತೋಟದ ಬಾವಿ ಪಕ್ಕದ ಸಾಲನ್ನು ನಿನಗೆ ಬಿಟ್ಟಿದ್ದೇನೆ. ಅದರ ಆಚೆ ಸಾಲಿಗೆ ಪಾಲಿಥೀನ್ ಕಟ್ಟಿಸುತ್ತೇನೆ, ಈಚೆ ಸಾಲಿಗೆ ಬರೀ ಬೋರ್ಡೋ. ಮೂರನ್ನೂ ಮಳೆಗಾಲ ಮುಗಿಯುವವರೆಗೆ ನಾನೇ ನೋಡಿ ಬರೆದಿಡುತ್ತೇನೆ. ನಿನ್ನ ಸಾಲಿನ ಕಾಯಿ ಪೂರ್ತಿ ಉದುರಿದರೂ ನಾನು ಚಕಾರ ಎತ್ತುವುದಿಲ್ಲ. ಕೊನೆಗಾರ ಮೃಗಶಿರಕ್ಕೆ ಮುಂಚೆ ಬರುತ್ತೇನೆ ಎಂದಿದ್ದಾನೆ, ಅಷ್ಟರೊಳಗೆ ಹಾಳೆ ಕಳಿಸು. ಗೊನೆ ಪೂರ್ತಿ ಮುಚ್ಚಿ ಮೇಲೆ ಕಟ್ಟಲು ಗೇಣಗಲ ಉಳಿಯಬೇಕು.

ಕೆಳಮನೆ ಮಾವನಿಗೆ ನೀನೇ ಫೋನ್ ಮಾಡಿ, ಈ ವರ್ಷ ಬೇಡ ಎಂದು ಹೇಳು. ನಾನು ಹೇಳಿದರೆ ಹೊಟ್ಟೆಕಿಚ್ಚು ಎಂದುಕೊಳ್ಳುತ್ತಾನೆ. ಮುಂಗಡ ಏನಾದರೂ ಇಸಿದುಕೊಂಡಿದ್ದರೆ ನನಗೆ ತಿಳಿಸು, ನಾಳೆಯೇ ಕೊಟ್ಟು ಬರುತ್ತೇನೆ.

ಇಂತಿ,
ಅಪ್ಪಯ್ಯ