ಫಾರ್ಮ್ಯಾಟ್ ಒತ್ತುವ ಮೊದಲು

ಮಾನ್ಯ ಸಂಪಾದಕರೇ,

ನಿಮ್ಮ ತಂತ್ರಜ್ಞಾನ ಪುಟದಲ್ಲಿ ಮನೆಯ ಮ್ಯೂಸಿಕ್ ಸರ್ವರ್ ಬಗ್ಗೆ, ಅಂದರೆ ಹಾಡಿನ ಫೈಲ್‌ಗಳನ್ನೆಲ್ಲ ಒಂದೆಡೆ ಇಟ್ಟು ಕೇಳಿಸುವ ಪೆಟ್ಟಿಗೆಯ ಬಗ್ಗೆ, ಬಂದ ಲೇಖನ ಓದಿದೆ. ಸರ್ವರ್ ಅಂದರೆ ಏನು, ಫೋನಿನಿಂದ ಅದನ್ನು ಹೇಗೆ ನಡೆಸುವುದು ಅನ್ನುವುದೆಲ್ಲ ಚೆನ್ನಾಗಿ ಬಂದಿತ್ತು. ಆದರೆ ಅದರೊಳಗೆ ಹಾಡು ಇಡುವ ಡ್ರೈವ್ ಕೂರಿಸುವ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: ‘ಡ್ರೈವ್ ಹಾಕಿ, ಫಾರ್ಮ್ಯಾಟ್ ಮಾಡಿ, ಹಾಡು ಕೇಳಿ.’ ಫಾರ್ಮ್ಯಾಟ್ ಅಂದರೆ ಡ್ರೈವನ್ನು ಖಾಲಿ ಮಾಡಿ ಹೊಸದಾಗಿ ಸಿದ್ಧಪಡಿಸುವುದು. ಜನ ಹಾಡು ಕಳೆದುಕೊಳ್ಳುವುದು ಸರಿಯಾಗಿ ಆ ಸಾಲಿನಲ್ಲೇ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಅಪ್ಪ ಕೂಡಿಟ್ಟ ಕ್ಯಾಸೆಟ್, ಸಿಡಿಗಳನ್ನೆಲ್ಲ ಫೈಲ್ ಮಾಡಿ ನಮ್ಮ ಮನೆಯ ಸರ್ವರ್‌ಗೆ ಹಾಕಿದವಳು ನಾನು. ಆಮೇಲೆ ನೆಂಟರು, ಗುರುತಿನವರು ತಮ್ಮದಕ್ಕೂ ಡ್ರೈವ್ ಹಾಕಿಕೊಡು ಅಂತ ಕರೆಯತೊಡಗಿದರು. ಕೂರಿಸುವ ಕೆಲಸ ಕಷ್ಟದ್ದೇನೂ ಅಲ್ಲ. ಆದರೂ ಫಾರ್ಮ್ಯಾಟ್ ಬಟನ್ ಒತ್ತುವ ಮೊದಲು ನಾನು ಪ್ರತಿ ಸಲ ಕೈ ತಡೆಯುತ್ತೇನೆ. ಕಾರಣ ನನ್ನ ಗೆಳತಿಯ ಮನೆಯಲ್ಲಿ ಆದದ್ದು.

ಅವಳ ಹಾಡೆಲ್ಲ ಯುಎಸ್‌ಬಿ ಡಬ್ಬಿಯೊಳಗಿನ ಒಂದು ಡ್ರೈವ್‌ನಲ್ಲಿತ್ತು. ಸರ್ವರ್ ಜೋಡಿಸಲು ಬಂದವರು ಆ ಡಬ್ಬಿ ಬಿಚ್ಚಿ, ಅದೇ ಡ್ರೈವನ್ನು ಸರ್ವರ್ ಒಳಗೆ ಕೂರಿಸಿದರು. ಡ್ರೈವ್ ಜೊತೆ ಹಾಡೂ ಬರುತ್ತದೆ ಅಂತ ಅವಳೂ ಅಂದುಕೊಂಡಳು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ? ಆನ್ ಮಾಡಿದ ಮೇಲೆ ಪರದೆಯಲ್ಲಿ ‘ಈ ಡ್ರೈವ್ ಬಳಸಲು ಫಾರ್ಮ್ಯಾಟ್ ಮಾಡಬೇಕು, ಮುಂದುವರಿಯಲೇ?’ ಅಂತ ಬಂತು. ಬಂದವರು ‘ಹೌದು’ ಒತ್ತಿದರು. ಒಂದು ನಿಮಿಷವೂ ಹಿಡಿಯಲಿಲ್ಲ. ಸಿಡಿಯಿಂದ ತೆಗೆದ ಹಾಡುಗಳನ್ನು ಅವಳು ಮತ್ತೆ ಕೂತು ತೆಗೆದಳು. ಅವಳ ಅಮ್ಮ ಹಾಡಿದ್ದ ಒಂದು ಟೇಪಿನ ಫೈಲ್ ಮಾತ್ರ ಮತ್ತೆ ಸಿಗಲಿಲ್ಲ. ಮೂಲ ಟೇಪು ಎಂದೋ ಹಾಳಾಗಿತ್ತು.

ಸರ್ವರ್ ಹಾಗೆ ಕೇಳಿದ್ದು ಸುಮ್ನೆ ಅಲ್ಲ. ಬಹುಪಾಲು ಮ್ಯೂಸಿಕ್ ಸರ್ವರ್‌ಗಳ ಒಳಗೆ ಓಡುವುದು ಲಿನಕ್ಸ್, ವಿಂಡೋಸ್ ಥರದ್ದೇ ಇನ್ನೊಂದು ಕಾರ್ಯಾಚರಣೆ ವ್ಯವಸ್ಥೆ. ಒಳಗಿನ ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡಲು ಅದಕ್ಕೆ ಅದರದ್ದೇ ಒಂದು ಪದ್ಧತಿ ಇದೆ. ಅನೇಕ ಸರ್ವರ್‌ಗಳಲ್ಲಿ ಅದು ಇಎಕ್ಸ್‌ಟಿ4. ವಿಂಡೋಸ್ ಕಂಪ್ಯೂಟರಿನಿಂದ ಬಂದ ಡ್ರೈವ್ ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್ ಅನ್ನುವ ಬೇರೆ ಪದ್ಧತಿಯಲ್ಲಿರುತ್ತದೆ. ಹೊರಗಿನಿಂದ ಯುಎಸ್‌ಬಿಯಲ್ಲಿ ಚುಚ್ಚಿದರೆ ಅದನ್ನು ಹಾಗೇ ಓದುವ ಸರ್ವರ್‌ಗಳು ಬೇಕಾದಷ್ಟಿವೆ. ಅದೇ ಡ್ರೈವ್ ಒಳಗೆ ಕೂತರೆ ಕೆಲವು ಸರ್ವರ್‌ಗಳು ತಮ್ಮ ಪದ್ಧತಿಗೇ ಬದಲಾಯಿಸಬೇಕು ಅಂತ ಹಟ ಹಿಡಿಯುತ್ತವೆ. ಬದಲಾದರೆ ಒಳಗಿದ್ದದ್ದು ಹೋಯಿತು ಅಂತಲೇ ಲೆಕ್ಕ.

ಹಳೇ ತಿರುಗುವ ಹಾರ್ಡ್ ಡಿಸ್ಕ್ ಆದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಬೇಗ ಮುಗಿಯುವ ಫಾರ್ಮ್ಯಾಟ್ ಪುಸ್ತಕದ ಪರಿವಿಡಿ ಹರಿದುಹಾಕಿದ ಹಾಗೆ. ಪುಟಗಳು ಒಳಗೆ ಹಾಗೇ ಉಳಿದಿರುತ್ತವೆ. ತಕ್ಷಣ ಸರ್ವರ್ ಆಫ್ ಮಾಡಿ, ಆ ಡಿಸ್ಕಿಗೆ ಹೊಸದೇನೂ ಬರೆಯದೆ ತಿಳಿದವರ ಕೈಗೆ ಕೊಟ್ಟರೆ ಒಂದಷ್ಟು ಸಿಗಬಹುದು. ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಫೈಲ್ ಇಡುವ ಎಸ್‌ಎಸ್‌ಡಿಯಲ್ಲಿ ಸಾಮಾನ್ಯವಾಗಿ ಆ ಅವಕಾಶವೂ ಇರುವುದಿಲ್ಲ ಅನ್ನಿ. ಲಿನಕ್ಸ್‌ನಲ್ಲಿ ಇಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡುವ ಸಾಧನ ‘ಈ ಜಾಗವೆಲ್ಲ ಖಾಲಿ’ ಅಂತ ಡ್ರೈವ್‌ಗೇ ಮೊದಲು ಹೇಳಿಬಿಡುತ್ತದೆ. ಡ್ರೈವ್ ತಾನಾಗಿಯೇ ಎಲ್ಲ ಅಳಿಸಿಕೊಳ್ಳುತ್ತದೆ. ಗೆಳತಿಯದ್ದು ಎಸ್‌ಎಸ್‌ಡಿ.

ಆದ್ದರಿಂದ ನಾನು ಹಾಡು ತುಂಬಿದ ಡ್ರೈವನ್ನು ಸರ್ವರ್ ಒಳಗೆ ಯಾವತ್ತೂ ಕೂರಿಸುವುದಿಲ್ಲ. ಒಳಗೆ ಹೋಗುವುದು ಹೊಸ, ಖಾಲಿ ಡ್ರೈವ್. ಹಾಡಿರುವ ಹಳೇ ಡ್ರೈವ್ ಹೊರಗೇ ಇರುತ್ತದೆ. ಫಾರ್ಮ್ಯಾಟ್ ಮಾಡುವ ಹೊತ್ತಿನಲ್ಲಿ ಅದನ್ನು ಸರ್ವರ್‌ನಿಂದ ಕಿತ್ತು ಬೇರೆ ಕೋಣೆಯಲ್ಲಿ ಇಡಿಸುತ್ತೇನೆ. ಅತಿ ಅನ್ನಿಸಬಹುದು. ಆದರೆ ಪರದೆಯಲ್ಲಿ ಎರಡು ಡ್ರೈವ್ ಕಾಣುವಾಗ, ಎರಡರ ಹೆಸರೂ ಬರೀ ಅಕ್ಷರ, ಅಂಕಿಗಳಾಗಿರುವಾಗ, ತಪ್ಪಾಗದಂತೆ ನೋಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ.

ಕೊಳ್ಳುವ ಮೊದಲು ದಪ್ಪ ನೋಡಿ. 2.5 ಇಂಚಿನ ಡ್ರೈವ್‌ಗಳೆಲ್ಲ ಒಂದೇ ಅಲ್ಲ. 7 ಮಿ.ಮೀ., 9.5 ಮಿ.ಮೀ., 15 ಮಿ.ಮೀ. ದಪ್ಪದವು ಸಿಗುತ್ತವೆ. ಸಣ್ಣ ಸರ್ವರ್‌ನಲ್ಲಿ 15 ಮಿ.ಮೀ.ನದ್ದು ಹಿಡಿಸದೇ ಇರಬಹುದು. ಜಾಸ್ತಿ ಜಾಗದ ತಿರುಗುವ ಡಿಸ್ಕ್‌ಗಳು ಹೆಚ್ಚಾಗಿ ಆ ದಪ್ಪದಲ್ಲೇ ಬರುತ್ತವೆ. ನನ್ನ ಮಟ್ಟಿಗೆ ಕೇಳುವ ಕೋಣೆಯಲ್ಲಿ ಎಸ್‌ಎಸ್‌ಡಿಯೇ ಸರಿ. ತಿರುಗುವ ಡಿಸ್ಕಿನ ಗುಂಯ್ ಸದ್ದು ತಂಬೂರಿಯ ನಡುವೆ ಕೇಳಿಸಿದರೆ ಮನಸ್ಸು ಅಲ್ಲಿಗೇ ಹೋಗುತ್ತದೆ. ಎಸ್‌ಎಸ್‌ಡಿಯಿಂದ ಹಾಡಿನ ಗುಣವೇ ಬದಲಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎರಡರಿಂದಲೂ ಬರುವುದು ಅದೇ ಅಂಕಿಗಳು.

ಕೂರಿಸುವಾಗ ಬರೀ ಆಫ್ ಮಾಡಿದರೆ ಸಾಲದು, ಪವರ್ ವೈರನ್ನೇ ಕಿತ್ತಿಡಿ. ಮೊದಲು ಸರ್ವರ್‌ನ ಲೋಹದ ಮೈ ಮುಟ್ಟಿ, ಆಮೇಲೆ ಡ್ರೈವ್ ಮುಟ್ಟಿ. ಡ್ರೈವನ್ನು ಸರ್ವರ್‌ಗೆ ಜೋಡಿಸುವ ಸಾಟಾ ಕನೆಕ್ಟರ್ ಹತ್ತಿರದಿಂದ ನೋಡಿದರೆ ಅದರಲ್ಲಿ ಎರಡು ಸೀಳು ಕಾಣುತ್ತವೆ. ಡೇಟಾದ್ದು 7 ಪಿನ್‌ನ ಗಿಡ್ಡ ಸೀಳು, ಪವರ್‌ನದ್ದು 15 ಪಿನ್‌ನ ಉದ್ದ ಸೀಳು. ಎರಡರ ತುದಿಯೂ ಇಂಗ್ಲಿಷಿನ ಎಲ್ ಅಕ್ಷರದ ಹಾಗೆ ಬಾಗಿದೆ. ಬಾಗು ಹೊಂದಿದರೆ ಸಲೀಸಾಗಿ ಕೂರುತ್ತದೆ. ಬಲ ಹಾಕಬೇಕು ಅನ್ನಿಸಿದರೆ ತಿರುಗಾಮುರುಗಾ ಹಿಡಿದಿದ್ದೀರಿ ಅಂತ ಅರ್ಥ. ಸ್ಕ್ರೂ ಎಂ3 ಅಳತೆಯದ್ದು. ಸರ್ವರ್ ಜೊತೆ ಬಂದದ್ದನ್ನೇ ಹಾಕಿ, ಉದ್ದದ್ದು ಹಾಕಿದರೆ ಒಳಗೆ ಚುಚ್ಚಬಹುದು.

ಹೊಸ ಡ್ರೈವ್ ಹಾಕಿದ ಕೂಡಲೇ ಹಾಡಿಡುವ ಜಾಗವಾಗಿ ಕಾಣಿಸದಿದ್ದರೆ ಗಾಬರಿ ಬೇಡ. ಅದು ಇನ್ನೂ ಫಾರ್ಮ್ಯಾಟ್ ಆಗಿಲ್ಲ, ಅಷ್ಟೆ. ಡ್ರೈವ್ ಕೆಟ್ಟಿದೆ ಅಂತ ವಾಪಸ್ ಕೊಟ್ಟವರನ್ನೂ ನೋಡಿದ್ದೇನೆ. ಅದನ್ನು ಮೊದಲು ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಿ ತರುವ ಅಗತ್ಯವೂ ಸಾಮಾನ್ಯವಾಗಿ ಇಲ್ಲ. ಸರ್ವರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಅಲ್ಲೇ ಮಾಡಿ. 1 ಟಿಬಿ ಡ್ರೈವ್ ಕೆಲವು ಕಡೆ 931 ಜಿಬಿ ಅಂತ ತೋರಿಸುತ್ತದೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ. ಜಾಗವೇನೂ ಕಳೆದುಹೋಗಿಲ್ಲ. ಸಿಡಿ ಗುಣಮಟ್ಟದ ಸಂಗೀತ ಗಂಟೆಗೆ ಸುಮಾರು 635 ಎಂಬಿ. ಗುಣ ಕೆಡಿಸದೆ ಗಾತ್ರ ಇಳಿಸುವ ಫ್ಲ್ಯಾಕ್ ಫೈಲ್ ಮಾಡಿದರೆ 400 ಎಂಬಿ ಆಸುಪಾಸು. ಅಂದರೆ 1 ಟಿಬಿಯಲ್ಲಿ ಹತ್ತಿರ ಹತ್ತಿರ 2,500 ಗಂಟೆ ಸಂಗೀತ ಹಿಡಿಸುತ್ತದೆ. ಹೆಚ್ಚಿನ ಮನೆಗಳಿಗೆ ಅಷ್ಟು ಧಾರಾಳ.

ಹಾಡು ತುಂಬುವಾಗ ವೈಫೈ ಬಿಟ್ಟು ನೆಟ್‌ವರ್ಕ್ ಕೇಬಲ್ ಬಳಸಿ. ತುಂಬಿ ಮುಗಿದ ಮೇಲೆ ಎರಡೂ ಕಡೆಯ ಫೈಲ್‌ಗಳ ಸಂಖ್ಯೆ, ಒಟ್ಟು ಗಾತ್ರ ತಾಳೆ ನೋಡಿ. ಅಲ್ಲಲ್ಲಿ ಕೆಲವು ಹಾಡು ಹಾಕಿ ಕೇಳಿ. ಹಳೇ ಡ್ರೈವ್ ಇನ್ನು ಬೇಡ ಅಂತ ಖಾಲಿ ಮಾಡಬೇಡಿ, ದಯವಿಟ್ಟು. ಅದು ಈಗ ನಿಮ್ಮ ಎರಡನೇ ಪ್ರತಿ. ಮನೆಯವರ ದನಿ ಇರುವ ಫೈಲ್‌ಗಳದ್ದು ಮೂರನೇ ಪ್ರತಿ ಇನ್ನೊಂದು ಮನೆಯಲ್ಲಿರಲಿ. ನೀವು ಕೂತು ಸರಿಪಡಿಸಿದ ಆಲ್ಬಂ ಹೆಸರು, ಪ್ಲೇಲಿಸ್ಟ್‌ಗಳನ್ನು ಅನೇಕ ಸರ್ವರ್‌ಗಳು ಹಾಡಿನ ಫೈಲ್‌ನಲ್ಲಿ ಬರೆಯದೆ ಬೇರೆ ಕಡೆ ಇಡುತ್ತವೆ. ಅದರ ಬ್ಯಾಕಪ್ಪನ್ನೂ ಬೇರೆಯಾಗಿ ತೆಗೆಯಬೇಕು.

ಸರ್ವರ್ ತಯಾರಿಸುವವರಲ್ಲೂ ಒಂದು ಕೇಳಿಕೆ ಇದೆ. ‘ಮುಂದುವರಿಯಲೇ’ ಅಂತ ಕೇಳುವ ಪರದೆಯಲ್ಲೇ ಆ ಡ್ರೈವ್‌ನ ಕಂಪನಿ ಹೆಸರು, ಗಾತ್ರ, ಅದರಲ್ಲಿ ಈಗ ಎಷ್ಟು ಫೈಲ್ ಇದೆ ಅನ್ನುವುದನ್ನು ತೋರಿಸಲಿ. ಫೈಲ್ ಇದ್ದರೆ ಬರೀ ‘ಹೌದು’ ಸಾಲದು. ‘ಅಳಿಸು’ ಅಂತ ಬಳಕೆದಾರರೇ ಟೈಪ್ ಮಾಡಿದ ಮೇಲೆ ಕೆಲಸ ಶುರುವಾಗಲಿ. ಇದು ಕನ್ನಡದಲ್ಲೂ ಇರಲಿ. ಸಂಗೀತ ಕೂಡಿಟ್ಟವರಲ್ಲಿ ವಯಸ್ಸಾದವರು ಬಹಳ ಮಂದಿ. ಗೊತ್ತಿಲ್ಲದ ಭಾಷೆಯ ಎಚ್ಚರಿಕೆ ಅವರ ಪಾಲಿಗೆ ಎಚ್ಚರಿಕೆಯೇ ಅಲ್ಲ.

ನಿಮ್ಮಿಂದ ನಾನು ಕೇಳುವುದು ಇಷ್ಟು. ಮುಂದೆ ಈ ವಿಷಯ ಬರೆಸುವಾಗ ಆ ಒಂದು ಸಾಲಿನ ಪಕ್ಕದಲ್ಲೇ, ದಪ್ಪ ಅಕ್ಷರದಲ್ಲಿ, ‘ಹಾಡಿರುವ ಡ್ರೈವ್ ಒಳಗೆ ಹಾಕಬೇಡಿ, ಹೊಸದನ್ನು ಹಾಕಿ’ ಅಂತ ಅಚ್ಚು ಮಾಡಿ.

ಇಂತಿ ನಿಮ್ಮ,
ಒಬ್ಬ ಓದುಗಿ